ಬಿಷಪ್ಪನ ಹಗ್ಗ

ಶುಕ್ರವಾರ ರಾತ್ರಿ ನಾವು ಏಳು ಮಂದಿ,
ಏಳು ನೀಲಿ ಜಾಕೀಟು, ಬೆನ್ನ ಮೇಲೆ ಚರ್ಚಿನ ಹೆಸರು,
ಕೈಗಾಡಿಯಲ್ಲಿ ಬೇಳೆಸಾರಿನ ಎರಡು ಹಂಡೆ,
ಮೂವತ್ತು ಜೊತೆ ಉಣ್ಣೆಯ ಕಾಲುಚೀಲ.
ಗ್ಲಾಸ್ಗೋದ ರೈಲುಸೇತುವೆಯ ಕೆಳಗೆ
ಮಳೆ ಬೀಳುವುದಿಲ್ಲ,
ಮಳೆಯ ಸದ್ದು ಮಾತ್ರ ಬೀಳುತ್ತದೆ.

ಹೊರಡುವ ಮೊದಲು ಪಾದ್ರಿಯಮ್ಮ ಹೇಳಿದ್ದರು:
ನಿಂತು ಕೊಡಬೇಡಿ, ಮಂಡಿಯೂರಿ ಕೊಡಿ.
ಹೆಸರು ಕೇಳಿ. ನಿಮ್ಮದನ್ನೂ ಹೇಳಿ.
ಕಣ್ಣು ತಪ್ಪಿಸಬೇಡಿ.
ಸ್ಟ್ರೂವನ್ ಅದನ್ನೆಲ್ಲ ಅಂಗೈ ಮೇಲೆ ಬರೆದುಕೊಂಡಿದ್ದ,
ಪರೀಕ್ಷೆಗೆ ಹೊರಟವನ ಹಾಗೆ.

ಮುಚ್ಚಿದ ಬೂಟಿನಂಗಡಿಯ ಬಾಗಿಲಲ್ಲಿ ಹ್ಯೂಯಿ.
ಸಾರು ಬೇಡವೆಂದ. ಕಾಲುಚೀಲ ಇದೆಯೆಂದ.
"ನಮ್ಮ ಬಿಷಪ್ಪನನ್ನು ಒಂದರ್ಧ ಗಂಟೆ ಹಿಡಿದುಕೊಳ್ತೀಯಾ?"
ಬಿಷಪ್ ಅಂದರೆ ನಾಯಿ.
ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು,
ಕೊರಳಲ್ಲಿ ಬಟ್ಟೆ ಒಣಹಾಕುವ ಹಗ್ಗ.
"ಇವನನ್ನು ಎಲ್ಲೂ ಒಳಗೆ ಬಿಡೋದಿಲ್ಲ.
ಇವನನ್ನು ಬಿಟ್ಟು ನಾನು ಎಲ್ಲೂ ಹೋಗೋದಿಲ್ಲ.
ಬಿಸಿನೀರು ಮೈಗೆ ಬಿದ್ದು ಹನ್ನೊಂದು ದಿನ.
ಹಾಸ್ಟೆಲಿನ ಬಚ್ಚಲು ಹತ್ತಕ್ಕೆ ಮುಚ್ಚುತ್ತೆ."

ನಾಯಿ ಹಿಡಿಯುವುದು ನಮ್ಮ ಪಟ್ಟಿಯಲ್ಲಿರಲಿಲ್ಲ.
ಹಗ್ಗ ಆಗಲೇ ನನ್ನ ಕೈಯಲ್ಲಿತ್ತು.
ಉಳಿದವರು ಮುಂದೆ ಹೋದರು;
ಗಾಡಿಯ ಚಕ್ರದ ಕಿರ್ರೆನ್ನುವ ಸದ್ದು ಮೂಲೆಯವರೆಗೂ ಕೇಳಿತು.

ಅವನ ರಟ್ಟಿನ ಮೇಲೆ ಕೂತೆ. ಅವನ ಮೈಬಿಸಿ
ಇನ್ನೂ ಅದರಲ್ಲಿತ್ತು.
ಬಿಷಪ್ ನಡುಗುತ್ತಿದ್ದ. ಜಾಕೀಟು ಬಿಚ್ಚಿ ಹೊದೆಸಿದೆ.
ಚರ್ಚಿನ ಹೆಸರು ಈಗ ಅವನ ಬೆನ್ನಿನ ಮೇಲೆ,
ಮಡಿಕೆಯೊಳಗೆ.

ಕೆಳಗಿನಿಂದ ನೋಡಿದರೆ ಊರೆಂದರೆ ಮೊಣಕಾಲು.
ಕೊಡೆಯ ತುದಿಗಳು, ವಿನೆಗರ್ ವಾಸನೆಯ ಪೊಟ್ಟಣಗಳು,
ನಾಯಿಯನ್ನು ಕಂಡು ನಕ್ಕ ಮಗುವೊಂದು,
ಅದರ ಕೈ ಜಗ್ಗಿದ ಇನ್ನೊಂದು ಕೈ.
ಬೂಟಿನ ಪಕ್ಕದಲ್ಲಿ ಟಣ್ಣೆಂದಿತು.
"ಅಯ್ಯೋ, ಇಲ್ಲ, ನಾನು..." ಎಂದೆ.
ನಾನು ಏನು?
ವಾಕ್ಯ ಮುಗಿಯುವಷ್ಟರಲ್ಲಿ
ಕೊಟ್ಟವರ ಬೆನ್ನು ದಾರಿ ದಾಟಿತ್ತು.

ಆಮೇಲೆ ಆ ಕಂದು ಬೂಟುಗಳು ಬಂದವು.
ಮುಖಕ್ಕಿಂತ ಮೊದಲು ಬೂಟಿನ ಗುರುತು ಹತ್ತಿತು:
ಭಾನುವಾರ ಭಾನುವಾರ ಕಾಣಿಕೆ ತಟ್ಟೆ ಹಿಡಿದು
ಬೆಂಚುಗಳ ನಡುವೆ ಮೆಲ್ಲನೆ ನಡೆವ ಬೂಟುಗಳು.
ಅಬರ್ನೆಥಿ ಮೇಷ್ಟ್ರು. ಏಳು ವರ್ಷದವಳಿಗೆ ನನಗೆ
ಕೀರ್ತನೆ ಬಾಯಿಪಾಠ ಮಾಡಿಸಿ ಪೆನ್ಸಿಲು ಕೊಟ್ಟವರು.
ಕೈಯಲ್ಲಿ ಸುರುಳಿ ಸುತ್ತಿದ ನಾಟಕದ ಕರಪತ್ರ,
ಪಕ್ಕದಲ್ಲಿ ಹೆಂಡತಿ.

"ಸಾರ್" ಎಂದಿದ್ದರೆ ಸಾಕಿತ್ತು.
ಕಣ್ಣು ತಪ್ಪಿಸಿದವಳು ನಾನೇ.
ಬಿಷಪ್ಪನ ಮಡಚಿದ ಕಿವಿಯಲ್ಲಿ
ಉಣ್ಣಿ ಹುಡುಕುವವಳಂತೆ ತಲೆ ತಗ್ಗಿಸಿದೆ.
ಅವರು ಎಸೆಯಲಿಲ್ಲ; ಒಳ್ಳೆಯ ಮನುಷ್ಯ.
ಸೊಂಟ ಹಿಡಿದುಕೊಂಡು ಬಾಗಿ
ರಟ್ಟಿನ ಅಂಚಿನಲ್ಲಿ ನಾಣ್ಯವಿಟ್ಟರು.
"ದೇವರು ಒಳ್ಳೆಯದು ಮಾಡಲಿ, ಮಗು" ಎಂದರು
ನನ್ನ ನಡುನೆತ್ತಿಗೆ.

ಹ್ಯೂಯಿ ಬಂದಾಗ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.
ಅವನ ವಯಸ್ಸು ಇಷ್ಟು ಕಡಿಮೆಯೆಂದು
ನನಗೆ ಗೊತ್ತಿರಲಿಲ್ಲ.
"ಬೋಣಿ ಆಯ್ತಾ?" ಎಂದ, ಎಣಿಸಿದ.
ಎರಡು ಪೌಂಡು ನಲವತ್ತು.
"ಅರ್ಧ ನಿನ್ನದು, ಕೂತವಳು ನೀನು.
ಅರ್ಧ ಜಾಗದ ಬಾಡಿಗೆ."
ಬೇಡ ಬೇಡವೆಂದೆ.
"ಕೊಟ್ಟಾಗ ತಗೋಬೇಕು. ನಾವು ತಗೊಳ್ಳೋದಿಲ್ವೇ?"

ಭಾನುವಾರ ತಟ್ಟೆ ಬಂತು, ಕಂದು ಬೂಟಿನ ಮೇಲೆ.
"ಹೇಗಿತ್ತು ಮೋರ್ವೆನ್, ಶುಕ್ರವಾರದ ಸೇವೆ?"
ಪಿಸುಮಾತಿನಲ್ಲಿ ಕೇಳಿದರು, ಹೆಮ್ಮೆಯಿಂದ.
ಜೇಬಿನಲ್ಲಿ ಒಂದು ಪೌಂಡು ಇಪ್ಪತ್ತು,
ಅದಕ್ಕಂಟಿದ ನಾಯಿಯ ಕೂದಲು.
ಹಾಕಿದರೆ ಅವರ ನಾಣ್ಯ ಅವರ ಕೈಗೇ ಹೋಗುತ್ತದೆ.
ಹಾಕದಿದ್ದರೆ, ನನ್ನ ಜೀವನದ ಮೊದಲ ಸಂಪಾದನೆ.

ತಟ್ಟೆ ನಿಂತೇ ಇತ್ತು. ಹಿಂದಿನ ಬೆಂಚಿನವರು ಕೆಮ್ಮಿದರು.
"ನಾಟಕ ಹೇಗಿತ್ತು, ಸಾರ್?"
ನನ್ನ ಬಾಯಿಂದ ತಾನಾಗಿ ಬಂತು.

ತಟ್ಟೆ ಒಂದಿಷ್ಟೇ ವಾಲಿತು.
ನಾಣ್ಯಗಳೆಲ್ಲ ಒಂದು ಬದಿಗೆ ಸರಿದವು.